ನಮ್ಮ ಬೀದಿಯ ಗಂಡಸರಿಗೆಲ್ಲ ನೀರೆರೆದ ಅಜ್ಜಿ

ಅಜ್ಜಿ ತೀರಿಕೊಂಡ ಬೆಳಿಗ್ಗೆ, ಹಳ್ಳಿಯಿಂದ ಮಗಳು ಬರುವಷ್ಟರಲ್ಲಿ ಒಂದು ಕೆಲಸವಾದರೂ ಮುಗಿದಿರಲಿ ಎಂದು ನಾವು ಐದು ಜನ ಗಂಡಸರು ಸಾವನ್ನು ಬರೆಸಲು ಮುನಿಸಿಪಾಲಿಟಿ ಆಫೀಸಿಗೆ ಹೋದೆವು. ಗುಮಾಸ್ತರು ದಪ್ಪ ಪುಸ್ತಕ ತೆರೆದು, ಲೇಖಣಿಯನ್ನು ಮಸಿಯಲ್ಲಿ ಅದ್ದಿ, "ಹೆಸರು?" ಎಂದರು. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ನಲವತ್ತು ನಲವತ್ತೈದು ವರ್ಷ ಒಂದೇ ಬೀದಿಯಲ್ಲಿ ಓಡಾಡಿದ ಹೆಂಗಸಿನ ಹೆಸರು ಐವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. "ಹೋಗಲಿ, ಅವರು ನಿಮಗೆ ಏನಾಗಬೇಕು?" ಎಂದು ಗುಮಾಸ್ತರು ಕನ್ನಡಕದ ಮೇಲಿಂದ ಕೇಳಿದರು. ನಮ್ಮಲ್ಲಿ ಹಿರಿಯರಾದ ಪೋಸ್ಟ್‌ಮಾಸ್ಟರು ಗಂಟಲು ಸರಿಮಾಡಿಕೊಂಡು, "ಏನೂ ಆಗಬೇಕಿಲ್ಲ ಸಾರ್. ನಮಗೆಲ್ಲ ಸ್ನಾನ ಮಾಡಿಸಿದವರು," ಎಂದರು. ಗುಮಾಸ್ತರು ನಮ್ಮ ಐವರ ಮೀಸೆಗಳನ್ನೂ ಒಂದೊಂದಾಗಿ ನೋಡಿ ಲೇಖಣಿ ಕೆಳಗಿಟ್ಟರು.

ಮಧ್ಯಾಹ್ನ ಮಗಳು ಬಂದು ಹೆಸರು ಹೇಳಿದಳು. ಒಳ್ಳೆಯ ಹೆಸರೇ. ಆದರೆ ಅದನ್ನು ಕೇಳಿದಾಗ ಬೇರೆ ಯಾರೋ ಸತ್ತುಹೋದ ಹಾಗೆ ಅನ್ನಿಸಿತು. ಹಾಗಾಗಿ ಅದನ್ನು ಇಲ್ಲಿ ಬರೆಯುವುದಿಲ್ಲ.

ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮೂರು ತಿಂಗಳು ಮಗುವಿಗೆ ನೀರೆರೆಯಲು ಬರುತ್ತಿದ್ದವಳು ಅವಳು. ಅರಮನೆಯ ಉಗ್ರಾಣದಲ್ಲಿದ್ದ ನಮ್ಮಪ್ಪನ ಮನೆಗೂ ಅವಳೇ, ಎದುರಿನ ಕೊಪ್ಪಲಿನ ಗೌಡರ ಮನೆಗೂ ಅವಳೇ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆಯನ್ನು ಮಂಡಿಯವರೆಗೆ ಎತ್ತಿಕಟ್ಟಿ, ಕಾಲು ನೀಡಿ, ಮಗುವನ್ನು ಕಣಕಾಲುಗಳ ಮೇಲೆ ಮಲಗಿಸಿಕೊಳ್ಳುವಳು. ಎಣ್ಣೆ ತಿಕ್ಕಿ, ಮೂಗು ಎಳೆದು, ತಲೆ ಗುಂಡಗೆ ಬರುವಂತೆ ಒತ್ತಿ, ಬಿಸಿನೀರು ಸುರಿಯುವಳು. ಗಂಡುಮಗುವಾದರೆ ಕೊನೆಗೊಂದು ಪರೀಕ್ಷೆ ಇತ್ತು. ಅದರ ಫಲಿತಾಂಶವನ್ನು ಬಚ್ಚಲಿನಿಂದಲೇ ನಡುಮನೆಯಲ್ಲಿರುವವರಿಗೆಲ್ಲ ಕೇಳುವಂತೆ ಹೇಳುವಳು. ನಮ್ಮ ಪೋಸ್ಟ್‌ಮಾಸ್ಟರ ಫಲಿತಾಂಶವನ್ನು ನಡುಮನೆಯಲ್ಲಿ ಕೂತು ಕೇಳಿದವರಲ್ಲಿ ಮುಂದೆ ಅವರ ಮಾವನಾದವರೂ ಇದ್ದರಂತೆ.

ನೀರೆರೆಯುವ ಬೇರೆ ಹೆಂಗಸರು ಮೂರು ತಿಂಗಳಾದ ಮೇಲೆ ಸೀರೆ ರವಿಕೆ ಪಡೆದು ಮಗುವನ್ನು ಮರೆಯುತ್ತಾರೆ. ಇವಳು ಮರೆಯಲಿಲ್ಲ. ದರ್ಜಿಯವರು ತಾವು ಹೊಲಿದ ಕೋಟು ಬೀದಿಯಲ್ಲಿ ಎದುರಾದರೆ ಹತ್ತಿರ ಬಂದು ಕಾಲರ್ ಮುಟ್ಟಿ ನೋಡುತ್ತಾರಲ್ಲ, ಹಾಗೆ ತಾನು ಎರೆದ ಗಂಡಸು ಎದುರಾದರೆ ನಿಲ್ಲಿಸಿ ವಿಚಾರಿಸುವಳು. ಅವನಿಗೆ ಕೂದಲು ನರೆತಿರಲಿ, ಸೊಸೆ ಬಂದಿರಲಿ, ಪಕ್ಕದಲ್ಲಿ ಯಾರಾದರೂ ಇರಲಿ, ಅವಳ ಪ್ರಶ್ನೆ ಒಂದೇ.

"ಮಗ, ಎಲ್ಡೂ ಸರ್ಯಾಗ್ ಅವಾ?"

ನನ್ನನ್ನು ಅವಳು ಹೀಗೆ ಕೇಳಿದ್ದು ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರ ಎದುರಿಗೆ. ಐವತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತೇಳು ವರ್ಷ, ಮದುವೆಯಾಗಿರಲಿಲ್ಲ, ಹೊಸದಾಗಿ ವಿಜ್ಞಾನದ ಪಾಠಕ್ಕೆ ಸೇರಿದ್ದೆ. ಹೆಡ್‌ಮಾಸ್ಟರು ಬಹಳ ಮಡಿ ಸ್ವಭಾವದವರು. "ಯಾವ ಎರಡು ಕೇಳ್ತಿದ್ದಾರೆ ಆಕೆ?" ಎಂದರು. ನಾನು ಕಣ್ಣು ಮಿಟುಕಿಸದೆ, "ನಮ್ಮ ಮನೆಯ ಹಸುಗಳು ಸಾರ್," ಎಂದೆ. ನಮ್ಮ ಮನೆಯಲ್ಲಿ ಹಸು ಇರಲಿಲ್ಲ. ಅಂದಿನಿಂದ ಹೆಡ್‌ಮಾಸ್ಟರು ವಾರಕ್ಕೊಮ್ಮೆ ತಪ್ಪದೆ ನನ್ನ ಹಸುಗಳ ಆರೋಗ್ಯ ಕೇಳತೊಡಗಿದರು, ಒಮ್ಮೆ ಹಿಂಡಿ ತರಿಸಿಕೊಡಲೇ ಎಂದೂ ಕೇಳಿದರು.

ಅಂದು ಸಂಜೆ ಅಜ್ಜಿಯನ್ನು ಗದರಿಸಬೇಕೆಂದು ಮನೆಗೆ ಬಂದರೆ ಅವಳು ಆಗಲೇ ನಮ್ಮ ಜಗಲಿಯಲ್ಲಿ ಅಮ್ಮನ ಜೊತೆ ಕೂತು ಎಲೆಅಡಿಕೆ ಹಾಕುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದಳು.

"ನಿಂದು ಎಡಗಡೇದು ಉಟ್ದಾಗ ಕೆಳೀಕೆ ಬಂದಿರ್ನಿಲ್ಲ ಕಣ್ ಮಗ. ಮೂರ್ ವರ್ಸ ಕಾದೆ ನಾನು. ಆಮೇಲೆ ಬಂತು. ಅಂಗೆ ತಡ್ವಾಗ್ ಬಂದಿದ್ರ ಮ್ಯಾಲೆ ಒಂದ್ ಕಣ್ ಮಡಗಿರ್ಬೇಕು."

"ಅಜ್ಜಿ, ಮೆಲ್ಲಗೆ ಮಾತಾಡು, ಪಕ್ಕದ ಮನೆಯವರಿಗೆ ಕೇಳಿಸುತ್ತೆ," ಎಂದೆ.

"ಕೇಳ್ಳಿ ಬುಡು. ಅವ್ರ ಮನೇವ್ಕೂ ನಾನೇ ಎರ್ದಿರೋದು," ಎಂದು ಮುಂದುವರಿಸಿದಳು. "ತಿಂಗ್ಳಿಗೊಂದ್ ಕಿತ ಎಣ್ಣೆನೀರು ಮಾಡ್ಕಂಡಾಗ ನೋಡ್ಕ. ಬಿಸ್ನೀರ್ ಬಿದ್ ಮ್ಯಾಲೆ ಚರ್ಮ ಸಡ್ಲಾಗಿರ್ತದೆ. ಒಂದೊಂದ್ನೇ ಎಬ್ಬೆಟ್ಟು ಬೆಳ್ಳು ಮಧ್ಯೆ ಮಡೀಕಂಡು ಮೆಲ್ಗೆ ಉಳ್ಳಾಡ್ಸು. ಒಂದು ವಸಿ ದೊಡ್ದು, ಒಂದು ವಸಿ ಕೆಳೀಕೆ ಇದ್ರೆ ಅದೇನಲ್ಲ, ದೇವ್ರು ಅಂಗೇ ಮಾಡವ್ನೆ. ಇಂದ್ಗಡೆ ಮೆತ್ಗೆ ದಾರ್ದಂಗೆ ಸಿಕ್ತದೆ, ಅದೂ ಏನಲ್ಲ."

ಅದು ಮುಟ್ಟಿದರೆ ಹೇಗಿರಬೇಕು ಎಂದು ಹೇಳಲು ಅವಳಿಗೆ ಬೇಯಿಸಿ ಸುಲಿದ ಕೋಳಿಮೊಟ್ಟೆ ಬೇಕಾಯಿತು. "ನೀವು ಮೊಟ್ಟೆ ಮುಟ್ಟಲ್ಲ, ನಿಂಗ್ ಎಂಗ್ ಯೋಳ್ಲಿ," ಎಂದು ಸ್ವಲ್ಪ ಹೊತ್ತು ನಮ್ಮ ಕುಲಾಚಾರವನ್ನು ಬೈದುಕೊಂಡಳು. ಆಮೇಲೆ ಅಮ್ಮನ ಬುಟ್ಟಿಯಿಂದ ಚೆನ್ನಾಗಿ ಮಾಗಿದ ಒಂದು ಸಪೋಟ ತೆಗೆದು ನನ್ನ ಕೈಯಲ್ಲಿಟ್ಟಳು.

"ಮೆತ್ಗದೆ ಅಲ್ವಾ? ಈಗ ಮೆಲ್ಗೆ ಒತ್ತು. ಒಳ್ಗೆ ಗಟ್ಟಿಗೆ ಏನೋ ಸಿಕ್ತಾ? ಅಂಗೆ ನಿಂದ್ರಲ್ಲಿ ಸಿಗಬಾರ್ದು. ಸಿಕ್ರೆ ಡಾಕ್ಟ್ರ ತಾವ ಓಗು. ಊದ್ಕಂಡ್ರೂ ಓಗು, ಭಾರ ಅನ್ಸಿದ್ರೂ ಓಗು. ತಟ್ನೆ ಜೀವ ಓಗೋ ಅಂಗೆ ನೋವ್ ಬಂದ್ರಂತೂ ಉಟ್ ಬಟ್ಟೇಲೇ ಓಡು, ಪಂಚಾಂಗ ನೋಡ್ಬೇಡ."

ಅಮ್ಮ ತಲೆ ತಗ್ಗಿಸಿ ಅಡಿಕೆ ಕತ್ತರಿಸುತ್ತಿದ್ದಳು. ನಾನು ಸಪೋಟವನ್ನು ಬುಟ್ಟಿಗೆ ಹಾಕಿ ಒಳಗೆ ಹೋದೆ. ಇವತ್ತಿಗೂ ನಮ್ಮ ಮನೆಯಲ್ಲಿ ಸಪೋಟ ತಂದರೆ ನಾನು ಬಾಳೆಹಣ್ಣು ತಿನ್ನುತ್ತೇನೆ.

ಹೇಳಿದ್ದು ಹೇಳಿದಂತೆ ಮಾಡುವ ಉದ್ದೇಶ ನನಗಿರಲಿಲ್ಲ. ಆದರೆ ಶನಿವಾರ ಎಣ್ಣೆ ಹಚ್ಚಿಕೊಂಡು, ಹಂಡೆಯ ಬಿಸಿನೀರು ಹುಯ್ದುಕೊಂಡು ಕೂತಿದ್ದಾಗ ಕೈ ತಾನಾಗಿ ಹೋಯಿತು. ಬಲಗಡೆಯದು ಸರಿಯಾಗಿತ್ತು. ಎಡಗಡೆಯದರ ಮುಂಭಾಗದಲ್ಲಿ ತೊಗರಿಕಾಳಿನಷ್ಟು ಗಟ್ಟಿಯಾಗಿ ಏನೋ ಸಿಕ್ಕಿತು. ಜಾರಲಿಲ್ಲ, ಒತ್ತಿದರೆ ನೋಯಲೂ ಇಲ್ಲ. ನಾನು ವಿಜ್ಞಾನದ ಮೇಷ್ಟ್ರಲ್ಲವೇ, ಕೂಡಲೇ ಒಂದು ಸಿದ್ಧಾಂತ ಕಟ್ಟಿದೆ: ನೋವಿಲ್ಲ, ಆದ್ದರಿಂದ ಕಾಯಿಲೆಯಿಲ್ಲ. ಈ ಸಿದ್ಧಾಂತದ ಮೇಲೆ ಮೂರು ವಾರ ಆರಾಮವಾಗಿ ಇದ್ದೆ ಎಂದು ಎಲ್ಲರಿಗೂ ತೋರಿಸಿಕೊಂಡೆ. ನಿಜ ಹೇಳಬೇಕೆಂದರೆ ಭಯವಾಗಿತ್ತು. ಬೋರ್ಡಿನ ಮೇಲೆ ಬರೆಯುತ್ತಿದ್ದಾಗಲೂ ಕೈಗೆ ಆ ತೊಗರಿಕಾಳು ನೆನಪಾಗುತ್ತಿತ್ತು.

ನಾಲ್ಕನೆಯ ವಾರ ಅಜ್ಜಿ ಬೀದಿಯಲ್ಲಿ ನಿಲ್ಲಿಸಿದಳು. ಪ್ರಶ್ನೆ ಕೇಳಿದಳು. ನಾನು "ಹೂಂ" ಎಂದೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. "ಎಡಗಡೇದಾ?" ಎಂದಳು. ಇಪ್ಪತ್ತೇಳು ವರ್ಷದ ಹಿಂದೆ ನನ್ನ ಅಳು ಹಸಿವಿನದೋ ಹೊಟ್ಟೆನೋವಿನದೋ ಎಂದು ಗುರುತಿಸಿದವಳ ಮುಂದೆ ಸುಳ್ಳು ಹೇಳಿ ಗೆಲ್ಲುವುದು ಕಷ್ಟ.

"ನೋವಿಲ್ಲ ಅಜ್ಜಿ," ಎಂದೆ.

"ನೋವಿದ್ದಿದ್ರೆ ನಾನ್ ಇಷ್ಟ್ ಎದ್ರುತಿರ್ನಿಲ್ಲ ಕಣ್ ಮಗ. ನೋವಿದ್ರೆ ನೀನೇ ಓಗ್ತಿದ್ದೆ. ನಾಳೆ ಡಾಕ್ಟ್ರ ತಾವ ಓಗಿ ಬಾ."

ಹೋದೆ. ನಮ್ಮ ಬಡಾವಣೆಯ ಡಾಕ್ಟರು ಮಿಲಿಟರಿಯಿಂದ ನಿವೃತ್ತರಾದವರು, ಒಳ್ಳೆಯವರು. ತೊಂದರೆ ಇದ್ದದ್ದು ಅವರ ಕಾಂಪೌಂಡರರಿಂದ. ಹೊರಗಿನ ಬೆಂಚಿನಲ್ಲಿ ಹತ್ತು ಜನ ಕೂತಿರುವಾಗ ಕಿಟಕಿಯಿಂದ ತಲೆ ಹಾಕಿ, "ಏನ್ರೀ ಮೇಷ್ಟ್ರೇ, ಎಲ್ಲಿ ತೊಂದ್ರೆ?" ಎಂದು ಕೂಗಿ, ಹೇಳಿದ್ದನ್ನು ಇನ್ನಷ್ಟು ಜೋರಾಗಿ ಹೇಳುತ್ತ ಚೀಟಿಯಲ್ಲಿ ಬರೆದುಕೊಳ್ಳುವುದು ಅವರ ಕ್ರಮ. ಬೆಂಚಿನಲ್ಲಿ ನನ್ನ ಇಬ್ಬರು ವಿದ್ಯಾರ್ಥಿಗಳ ತಾಯಂದಿರಿದ್ದರು. ಅದೇ ವಾರ ನಾನು ಹತ್ತನೆಯ ತರಗತಿಯಲ್ಲಿ ಶರೀರದ ಪಾಠ ಮಾಡುತ್ತ, ಹೃದಯ ಶ್ವಾಸಕೋಶ ಮೂತ್ರಪಿಂಡ ಎಲ್ಲ ಬಿಡಿಸಿ ತೋರಿಸಿ, ಅದರ ಕೆಳಗಿನ ಪುಟಗಳನ್ನು "ನೀವೇ ಓದಿಕೊಳ್ಳಿ" ಎಂದು ಮಗುಚಿದ್ದೆ. ಅಂಥವನಿಗೆ ಆ ಕಿಟಕಿಯಲ್ಲಿ ಮಾತು ಹೊರಡುವುದುಂಟೇ? "ಹೊಟ್ಟೆ," ಎಂದೆ. ಡಾಕ್ಟರು ಹೊಟ್ಟೆ ಅಮುಕಿ, ನಾಲಿಗೆ ನೋಡಿ, ಕೆಂಪು ಮಿಕ್ಸ್ಚರು ಕೊಟ್ಟರು. ಸೀಸೆಯ ಮೇಲೆ ಕಾಗದ ಅಂಟಿಸಿದ ಗುರುತಿನಂತೆ ದಿನಕ್ಕೆ ಮೂರು ಸಲ ಕುಡಿದೆ. ಹೊಟ್ಟೆ ಮೊದಲು ಚೆನ್ನಾಗಿತ್ತು, ಈಗ ಕೆಟ್ಟಿತು.

ಎರಡನೆಯ ಸಲ ಡಾಕ್ಟರ ಕೋಣೆಯೊಳಗೇ ಧೈರ್ಯ ಮಾಡಿ, "ಸಾರ್, ನನ್ನ ಸ್ನೇಹಿತನೊಬ್ಬನಿಗೆ ಒಂದು ಕಡೆ ಗಂಟಿದೆ," ಎಂದೆ. "ಯಾವ ಕಡೆ?" ಎಂದರು. "ಕೆಳಗಡೆ," ಎಂದೆ. "ಪಾದದಲ್ಲೋ?" ಎಂದರು. ನಾನು ತಲೆಯಾಡಿಸಿದೆ. ಹೌದು ಎಂದು ಆಡಿಸಿದೆನೋ ಅಲ್ಲ ಎಂದೋ ನನಗೇ ತಿಳಿಯದು. ಅವರು ಆಣಿಗೆ ಹಚ್ಚುವ ಮುಲಾಮು ಬರೆದುಕೊಟ್ಟು, ಸ್ನೇಹಿತನಿಗೆ ಹೊಸ ಚಪ್ಪಲಿ ಕೊಳ್ಳಲು ಹೇಳಿದರು.

ಮುಲಾಮಿನ ಡಬ್ಬಿ ನೋಡಿ ಅಜ್ಜಿ ತನ್ನ ಮನೆಯ ಜಗಲಿಯಿಂದ ಎದ್ದಳು. ಒಳಗೆ ಹೋಗಿ ಒಗೆದ ಸೀರೆ ಉಟ್ಟು ಬಂದು, ನನ್ನ ಮುಂಗೈ ಹಿಡಿದುಕೊಂಡು ಹೊರಟಳು. ಆ ಹಿಡಿತ ಜಾರುವ ಮಕ್ಕಳನ್ನು ಹಿಡಿದು ಪಳಗಿದ್ದು, ಬಿಡಿಸಿಕೊಳ್ಳಲು ಸಾಧ್ಯವಿರಲಿಲ್ಲ. ಕಾಂಪೌಂಡರರು ಕಿಟಕಿಯಿಂದ ತಲೆ ಹಾಕುವಷ್ಟರಲ್ಲಿ ಅವಳು ಡಾಕ್ಟರ ಕೋಣೆಯ ಬಾಗಿಲು ನೂಕಿಯಾಗಿತ್ತು.

"ಡಾಕ್ಟ್ರೇ, ಈ ಕೂಸಿನ ಎಡಗಡೆ ಬೀಜ್ದಲ್ಲಿ ಗಂಟದೆ. ನೋವಿಲ್ಲ. ನಾಚ್ಕೆ ಮಾತ್ರ ಅದೆ."

"ಕೂಸು ಎಲ್ಲಮ್ಮ?" ಎಂದು ಡಾಕ್ಟರು ಅವಳ ಹಿಂದೆ ಇಣುಕಿದರು. ಅಲ್ಲಿ ಕೋಟು ತೊಟ್ಟು, ಟೈ ಕಟ್ಟಿಕೊಂಡು ನಾನು ನಿಂತಿದ್ದೆ. ಬಾಗಿಲು ತೆರೆದೇ ಇತ್ತು. ಬೆಂಚಿನ ಮೇಲಿದ್ದವರೆಲ್ಲ ತಟ್ಟನೆ ತಂತಮ್ಮ ಸೀಸೆಗಳನ್ನು ಪರೀಕ್ಷಿಸತೊಡಗಿದರು.

ಪರದೆಯ ಹಿಂದೆ ಡಾಕ್ಟರು ಮೊದಲು ನಗುತ್ತಲೇ ಇದ್ದರು. ಕೈಯಿಟ್ಟು ನೋಡಿದ ಮೇಲೆ ನಗು ನಿಂತಿತು. ಒಂದು ಟಾರ್ಚು ತರಿಸಿ ಅದರ ಬೆಳಕಿಟ್ಟು ನೋಡಿದರು. ನೀರು ತುಂಬಿದ್ದರೆ ಬೆಳಕು ಹಾಯುತ್ತದಂತೆ, ಇದರಲ್ಲಿ ಹಾಯಲಿಲ್ಲ. ಕೈ ತೊಳೆದುಕೊಂಡು ಬಂದು ಕೂತು ದೊಡ್ಡಾಸ್ಪತ್ರೆಯ ಸರ್ಜನರಿಗೆ ಕಾಗದ ಬರೆದರು. "ಇವತ್ತೇ ಹೋಗಪ್ಪ, ನಾಳೆ ಅನ್ನಬೇಡ. ಇದು ಕೆಟ್ಟ ಜಾತಿಯ ಗಂಟಿರಬಹುದು. ಹೊಟ್ಟೆ ಅಂದೆ, ಪಾದ ಅಂದೆ, ನಾನೂ ದಡ್ಡನ ಹಾಗೆ ಔಷಧ ಕೊಟ್ಟೆ. ಇನ್ನೊಂದೆರಡು ಸುಳ್ಳು ಹೇಳಿದ್ದರೆ ನಿನ್ನನ್ನು ಉಳಿಸಿಕೊಳ್ಳೋದು ಕಷ್ಟವಾಗ್ತಿತ್ತು," ಎಂದರು. ಕಾಗದ ಹಿಡಿದುಕೊಂಡು ಹೊರಗೆ ಬಂದೆ. ಅಜ್ಜಿ ನನ್ನ ಮುಂಗೈಯನ್ನು ಜಟಕಾ ಹತ್ತುವವರೆಗೂ ಬಿಡಲಿಲ್ಲ.

ಆ ವಾರದಲ್ಲೇ ಆಪರೇಷನ್ ಆಯಿತು. ಎಡಗಡೆಯದನ್ನು ತೆಗೆದರು. ಹಿಂದಿನ ಸಂಜೆ ವಾರ್ಡಿನಲ್ಲಿ ನಾನು ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಾಗ ಅಜ್ಜಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. "ಒಂದಿದ್ರೆ ಸಾಕು ಕಣ್ ಮಗ. ದೇವ್ರು ಒಂದ್ ಎಚ್ಗೇ ಕೊಟ್ಟವ್ನೆ. ಮೂಗಿಂಗೂ ಅಂಗೇ ಎಲ್ಡ್ ತೂತ್ ಮಡಗವ್ನೆ, ಒಂದ್ ಕಟ್ಕಂಡ್ರೆ ಯಾರಾರ ಸಾಯ್ತಾರಾ?" ಎಂದಳು. ಅಳುತ್ತಿದ್ದವನಿಗೆ ನಗು ಬಂದು ಕೆಮ್ಮು ಹತ್ತಿತು. ನರ್ಸು ಬಂದು ಇಬ್ಬರನ್ನೂ ಬೈದಳು.

ಗಂಟನ್ನು ಪರೀಕ್ಷೆಗೆ ಕಳಿಸಿದರು, ಡಾಕ್ಟರು ಅಂದದ್ದೇ ನಿಜವಾಯಿತು. ಮದರಾಸಿಗೆ ಹೋಗಿ ಕೆಲವು ವಾರ ಕಿರಣ ಚಿಕಿತ್ಸೆ ಮಾಡಿಸಿಕೊಂಡು ಬಂದೆ. ಬೇಗ ಸಿಕ್ಕಿತು, ಬೇರೆಲ್ಲೂ ಹರಡಿರಲಿಲ್ಲ, ಬದುಕಿಕೊಂಡೆ ಎಂದರು. ರಜೆ ಮುಗಿಸಿ ಸ್ಕೂಲಿಗೆ ಹೋದ ದಿನ ಹೆಡ್‌ಮಾಸ್ಟರು ಮೊದಲು ಕೇಳಿದ್ದು, "ಹಸುಗಳು ಹೇಗಿವೆ?" ಎಂದು. "ಒಂದನ್ನು ಕೊಟ್ಟುಬಿಟ್ಟೆವು ಸಾರ್," ಎಂದೆ. "ಒಳ್ಳೇದೇ ಆಯ್ತು, ಎರಡನ್ನು ಸಾಕೋದು ಕಷ್ಟ," ಎಂದರು.

ಅಪ್ಪ ಮಾತ್ರ ಒಂದು ನಿಯಮ ಮಾಡಿದರು. ಕೇಳಿದವರಿಗೆಲ್ಲ ಅಪೆಂಡಿಸೈಟಿಸ್ ಎಂದು ಹೇಳಬೇಕು. ಮದುವೆಯಾಗಬೇಕಾದ ಹುಡುಗ, ಬೀದಿಯಲ್ಲಿ ಸುದ್ದಿಯಾಗಬಾರದು. ಅಂದು ಕೋಣೆಯ ಬಾಗಿಲಲ್ಲಿ ಅಜ್ಜಿ ಕೂಗಿದ್ದನ್ನು ಕೇಳಿಸಿಕೊಂಡಿದ್ದ ಬೆಂಚಿನವರು ದೊಡ್ಡ ಮನಸ್ಸು ಮಾಡಿ ಮರೆತರೋ, ಅಥವಾ ಆಪರೇಷನ್ ಎಂದ ಮೇಲೆ ಅದು ಹೊಟ್ಟೆಯದೇ ಇರಬೇಕೆಂದುಕೊಂಡರೋ, ಯಾರೂ ಬಾಯಿ ಬಿಡಲಿಲ್ಲ. ಅಪ್ಪನ ಚಿಂತೆಯೆಲ್ಲ ಅಜ್ಜಿಯದು. ಅವಳನ್ನು ಕರೆಸಿ, "ನಿನ್ನ ಕಾಲಿಗೆ ಬೀಳ್ತೀನಿ, ಇದೊಂದನ್ನು ಯಾರಿಗೂ ಹೇಳಬೇಡ," ಎಂದರು. ಅವಳು ನನ್ನ ಕಡೆ ನೋಡಿದಳು. ನಾನೂ ತಲೆಯಾಡಿಸಿದೆ. "ಆಯ್ತು ಬುಡಿ ಸೋಮಿ, ನಂಗೇನೂ ಗೊತ್ತಿಲ್ಲ," ಎಂದಳು. ಆಶ್ಚರ್ಯವೆಂದರೆ ಹಾಗೇ ನಡೆದುಕೊಂಡಳು. ಬೀದಿಯ ಎಲ್ಲರ ಎಲ್ಲವನ್ನೂ ಬಾಯಿಬಿಟ್ಟು ಹೇಳುವವಳು ನನ್ನ ಅಪೆಂಡಿಕ್ಸಿನ ಬಗ್ಗೆ ನನಗಿಂತ ಚೆನ್ನಾಗಿ ಸುಳ್ಳು ಹೇಳಿದಳು. ಎರಡು ವರ್ಷ ಕಳೆದ ಮೇಲೆ ನನಗೆ ಮದುವೆಯಾಯಿತು. ಹುಡುಗಿಗೆ ಮಾತ್ರ ಮೊದಲೇ ಕಾಗದ ಬರೆದು ಎಲ್ಲ ತಿಳಿಸಿದ್ದೆ. ನಮ್ಮ ಮಗನಿಗೂ ಅಜ್ಜಿಯೇ ಎರೆದಳು.

ಅಜ್ಜಿಗೆ ಆಮೇಲೆ ಅವಳ ಪ್ರಶ್ನೆಯ ಹುಚ್ಚು ಇನ್ನೂ ಹೆಚ್ಚಾಯಿತು. ಮೊದಲು ನಿಲ್ಲಿಸಿ ಕೇಳುತ್ತಿದ್ದವಳು ಈಗ ಮನೆಗೇ ಹೋಗಿ ಕೇಳತೊಡಗಿದಳು. ಗಂಡಸರು ಅವಳನ್ನು ಕಂಡರೆ ಓಣಿ ಹಿಡಿದು ಓಡುತ್ತಿದ್ದರು.

ಒಂದು ವರ್ಷ ದಸರಾಕ್ಕೆ ತಿಂಗಳಿದ್ದಾಗ ಅವಳ ಕೈಗೆ ಸಿಕ್ಕಿದ್ದು ನಮ್ಮ ಬೀದಿಯ ಕೊನೆಮನೆಯ ದಫೇದಾರ. ಕುದುರೆ ಪೊಲೀಸಿನವನು, ಆರಡಿ ಆಳು, ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಮುಂದಿನ ಸಾಲಿನಲ್ಲಿರುವವನು. ಅವನು ಎಳೆಗೂಸಾಗಿದ್ದಾಗ ಎರೆಯುವವಳ ಕಣ್ಣಿಗೇ ಗುರಿಯಿಟ್ಟು ಉಚ್ಚೆ ಹೊಯ್ದಿದ್ದನೆಂದು ಅಜ್ಜಿ ಅವನ ಸಿಪಾಯಿಗಳ ಎದುರಿಗೇ ಹೇಳಿದ್ದರಿಂದ ಅವನಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಕೆಲವು ದಿನಗಳಿಂದ ಅವನು ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿ ಕೂರುವುದನ್ನು ಅಜ್ಜಿ ನೋಡಿದ್ದಳು. ನಾನು ಹೆಂಡತಿಯ ಜೊತೆ ತರಕಾರಿ ತೆಗೆದುಕೊಂಡು ಬರುವಾಗ ಅವನ ಗೇಟಿನ ಮುಂದೆ ಹತ್ತು ಹನ್ನೆರಡು ಜನ ಸೇರಿದ್ದರು. ಪೋಸ್ಟ್‌ಮಾಸ್ಟರೂ ಇದ್ದರು, ನನ್ನ ತರಗತಿಯ ಮೂರು ಹುಡುಗರೂ ಇದ್ದರು.

"ಊದ್ಕಂಡದೆ ತಾನೆ? ಓಗಿ ತೋರ್ಸು," ಎನ್ನುತ್ತಿದ್ದಳು ಅಜ್ಜಿ.

"ಕುದುರೆ ಮೇಲೆ ಕೂತು ಕೂತು ಆಗಿರೋದು ಅಜ್ಜಿ, ದಸರಾ ಮುಗಿದ್ರೆ ತಾನೇ ಇಳಿಯುತ್ತೆ. ನಿಂಗ್ಯಾಕೆ ಬೇಕು?" ಎಂದ ದಫೇದಾರ, ಗೇಟಿನ ಪಕ್ಕದ ಕುರ್ಚಿಯಲ್ಲಿ ಕೂತೇ ಮುಖ ಕೆಂಪಗೆ ಮಾಡಿಕೊಂಡು. ಮುಂದೆ ಡಾಕ್ಟರು ಟಾರ್ಚು ಬಿಟ್ಟು ನೋಡಿ ಅವನದು ಬರೀ ನೀರು, ತೆಗೆದುಬಿಟ್ಟರೆ ಆಯಿತು ಎಂದರು. ಆದರೆ ಅಂದು ಬೆಳಿಗ್ಗೆ ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಮಾತ್ರ ಆ ಹಳೆಯ ತೊಗರಿಕಾಳು ನೆನಪಾಯಿತು.

"ಸುಮ್ನೆ ಎಲ್ರ ಮಾನ ಕಳೀತೀಯ," ಎಂದು ದಫೇದಾರ ದನಿಯೇರಿಸಿದ. "ಇಷ್ಟ್ ವರ್ಷದಿಂದ ಕೇಳ್ಕೊಂಡ್ ಬಂದಿದೀಯಲ್ಲ, ಈ ಬೀದೀಲಿ ಒಬ್ನಿಗಾದ್ರೂ ಅಂಥದ್ದು ಆಗಿದ್ಯಾ? ನಿನ್ನ ಮಾತು ಕೇಳಿ ಬದುಕಿದೋನು ಒಬ್ಬನ ಹೆಸರು ಹೇಳು. ಈಗಲೇ ಎದ್ದು ಹೋಗ್ತೀನಿ."

ಅಜ್ಜಿ ಬಾಯಿ ತೆರೆದಳು. ಹಾಗೇ ಮುಚ್ಚಿಕೊಂಡಳು. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ, ನೋಡಿದರೆ ಜನಕ್ಕೆ ತಿಳಿದೀತೆಂದು ನೆಲ ನೋಡುತ್ತ ನಿಂತಳು. ಯಾರೋ ಹಿಂದಿನಿಂದ ನಕ್ಕರು. ಕೊಟ್ಟ ಮಾತಿಗಾಗಿ ಆ ಮುದುಕಿ ಬೀದಿಯ ನಡುವೆ ಸೋತು ನಿಂತಿದ್ದನ್ನು ನಾನು ನೋಡಲಾರದೆ ಹೋದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಕೈಯಲ್ಲಿದ್ದ ತರಕಾರಿ ಚೀಲದ ಸಮೇತ ಮುಂದೆ ಹೋದೆ. ಸ್ಕೂಲಿನಲ್ಲಿ ಹುಡುಗರು ಎತ್ತುವ ಹಾಗೆ ಇನ್ನೊಂದು ಕೈ ಎತ್ತಿದ್ದೆನಂತೆ, ಹೆಂಡತಿ ಆಮೇಲೆ ಹೇಳಿದಳು.

"ನನಗೆ ಆಗಿತ್ತು," ಎಂದೆ. ದನಿ ಕೀರಲಾಗಿ ಬಂತು. "ಅಪೆಂಡಿಸೈಟಿಸ್ ಅಲ್ಲ. ಎಡಗಡೆ ಬೀಜದಲ್ಲಿ ಗಂಟಾಗಿತ್ತು, ನೋವಿರಲಿಲ್ಲ. ಅಜ್ಜಿ ಹೇಳಿದ ಹಾಗೆ ನೋಡಿಕೊಂಡಾಗ ಸಿಕ್ಕಿತು. ಅದನ್ನು ತೆಗೆದಿದ್ದಾರೆ. ನನಗಿರೋದು ಒಂದೇ."

ಹನ್ನೆರಡು ಜನರ ದೃಷ್ಟಿ ನನ್ನ ಮುಖದಿಂದ ಮೆಲ್ಲಗೆ ಕೆಳಗಿಳಿದು, ತರಕಾರಿ ಚೀಲದ ಮೇಲೆ ನಿಂತಿತು. ನನ್ನ ಹೆಂಡತಿ ಬಂದು ಆ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು, ಪಕ್ಕದಲ್ಲೇ ನಿಂತಳು. ನನ್ನ ಮೂವರು ಹುಡುಗರು ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದರು, ತರಗತಿಯಲ್ಲಿ ಅಷ್ಟು ಗಮನ ಕೊಟ್ಟು ಅವರು ಎಂದೂ ಕೇಳಿರಲಿಲ್ಲ. ಪೋಸ್ಟ್‌ಮಾಸ್ಟರ ಕೈ ಅವರಿಗೇ ತಿಳಿಯದೆ ಪಂಚೆಯ ಕಡೆಗೆ ಹೋಗಿ ಅರ್ಧದಲ್ಲಿ ನಿಂತಿತ್ತು. ದಫೇದಾರ ಕುರ್ಚಿಯಲ್ಲಿ ನೆಟ್ಟಗೆ ಕೂರಲು ಹೋಗಿ, ಆಗದೆ, ಮತ್ತೆ ವಾಲಿಕೊಂಡ.

ಅಜ್ಜಿ ತಲೆಯೆತ್ತಿ ನನ್ನನ್ನು ನೋಡಿದಳು. ಆಗ ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ಸೆರಗಿನಿಂದ ಒರೆಸಿಕೊಂಡು, ದಫೇದಾರನ ಕಡೆ ತಿರುಗಿ, ಅವನ ಮುಂಗೈ ಹಿಡಿದಳು.

"ಮೇಷ್ಟ್ರೇ ಯೋಳವ್ರೆ," ಎಂದಳು. "ಎದ್ದೇಳು."

ಅಲ್ಲಿಯವರೆಗೆ ಅವಳು ನನ್ನನ್ನು ಒಮ್ಮೆಯೂ ಮೇಷ್ಟ್ರು ಎಂದಿರಲಿಲ್ಲ.